ಮಲ್ಲಿಗೆಯ ಬಾಯಿ ಕಟ್ಟಿದ ವರ್ಷ

ನಮ್ಮ ಅತ್ತೆ ಹಿತ್ತಲಿಗೆ ಕಾಲಿಟ್ಟರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಮೊದಲು ಗಿಡಗಳನ್ನು ಬೈಯುತ್ತಿದ್ದರು, ಅವು ಮುಗಿದ ಮೇಲೆ ನನ್ನನ್ನು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಅತ್ತೆ ಮಾತನ್ನೂ ಬಲ್ಲರು, ಜಗಳವನ್ನೂ ಬಲ್ಲರು. ನಾನು ಹರಪನಹಳ್ಳಿ ಪೇಟೆಯಲ್ಲಿ ಬೆಳೆದವಳು. ನಮ್ಮಪ್ಪನ ಮನೆಯಲ್ಲಿ ಮಣ್ಣು ಅಂದರೆ ತುಳಸಿ ಕುಂಡದಲ್ಲಿದ್ದದ್ದು ಅಷ್ಟೇ. ಅತ್ತೆ ಹಡಗಲಿ ಕಡೆಯವರು, ಮಲ್ಲಿಗೆ ನೆಲದವರು. ಮದುವೆಯಾಗಿ ಹಗರಿಬೊಮ್ಮನಹಳ್ಳಿಯ ಈ ಮನೆಗೆ ಬಂದಾಗ ತವರಿನಿಂದ ಒಂದು ಮಲ್ಲಿಗೆ ಸಸಿ ತಂದು ಹಿತ್ತಲ ಕಾಂಪೌಂಡಿನ ಮೂಲೆಯಲ್ಲಿ ನೆಟ್ಟಿದ್ದರಂತೆ. ಆ ಗಿಡಕ್ಕೆ ನನ್ನ ಗಂಡನಿಗಿಂತ ವಯಸ್ಸು ಜಾಸ್ತಿ, ಮನೆಯಲ್ಲಿ ಮರ್ಯಾದೆಯೂ ಜಾಸ್ತಿ.

ಹಿತ್ತಲ ವರ್ಷವೆಲ್ಲ ಅವರ ಬಾಯಲ್ಲೇ ನಡೆಯುತ್ತಿತ್ತು. ರೋಹಿಣಿ ಮಳೆಗೆ ಮಣ್ಣು ಸಡಿಲ ಮಾಡು, ಮಿರಗದ ಮಳೆಗೆ ಹೀರೆ ಬೀಜ ಊರು, ಶ್ರಾವಣದ ಜಿಟಿಜಿಟಿಯಲ್ಲಿ ಚಪ್ಪರದ ಬಳ್ಳಿ ಬಿಡಿಸಿ ಗಾಳಿ ಆಡಿಸು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ದೀಪಾವಳಿ ಕಳೆದ ಮೇಲೆ ಮೆಂತ್ಯ, ಕೊತ್ತಂಬರಿ. ಒಂದು ಮಧ್ಯಾಹ್ನ ಕಚೇರಿಗೆ ರಜೆ ಹಾಕಿ, ಸೊಸೆ ಅನ್ನಿಸಿಕೊಳ್ಳೋಣವೆಂದು ಬದನೆಗೆ ನೀರು ಹಾಕುತ್ತಿದ್ದೆ. ಒಳಗಿಂದಲೇ ಕೂಗಿದರು: "ಲೇ, ಸುಡು ಬಿಸಿಲಾಗ ಗಿಡಕ್ಕ ನೀರು ಹಾಕ್ತಾರೇನ? ಕುದಿಸಿ ಪಲ್ಯ ಮಾಡೋ ವಿಚಾರ ಐತೇನ ನಿಂದು?" ಪಕ್ಕದ ಮನೆಯವರು ನಕ್ಕಿದ್ದು ನನಗೆ ಕೇಳಿಸಿತು. ಆವತ್ತು ರಾತ್ರಿ ಗಂಡನ ಹತ್ತಿರ, ನಿಮ್ಮ ಅವ್ವನ ಬಾಯಿಗೆ ಒಂದು ದಿನವಾದರೂ ರಜೆ ಸಿಗಲಿ ಎಂದಿದ್ದೆ. ಎಲ್ಲ ಸೊಸೆಯರೂ ಅನ್ನುವ ಮಾತು.

ಮಲ್ಲಿಗೆಯ ಕೆಲಸವನ್ನು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಎಳ್ಳಮಾವಾಸ್ಯೆ ಹೊತ್ತಿಗೆ ಅದಕ್ಕೆ ನೀರು ನಿಲ್ಲಿಸುತ್ತಿದ್ದರು. ಬಾಣಂತಿಗೆ ಪಥ್ಯ ಮಾಡಿಸುವಾಗ ಅನ್ನುವ ಹಾಗೆ, "ಗಿಡದ ಬಾಯಿ ಕಟ್ಟೀನಿ, ಯಾರೂ ಹನಿ ನೀರು ಹಾಕಬ್ಯಾಡ್ರಿ" ಎಂದು ಎಲ್ಲರಿಗೂ ಹೇಳುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಎಲೆ ಬೋಳಿಸಿ, ಕೊಂಬೆ ಕತ್ತರಿಸಿ, ಬುಡದ ಮಣ್ಣು ತೆಗೆದು ಬೇರಿಗೆ ಬಿಸಿಲು ತೋರಿಸುತ್ತಿದ್ದರು. ಆಮೇಲೆ ಗೊಬ್ಬರ, ಮಣ್ಣು, ಹೊಟ್ಟೆ ತುಂಬ ನೀರು. ಶಿವರಾತ್ರಿ ದಾಟಿದರೆ ಹಿತ್ತಲೆಲ್ಲ ಮೊಗ್ಗು. ಹಸಿವು ಗೊತ್ತಿಲ್ಲದ ಗಿಡ ಬರೀ ಎಲೆ ಬಿಡುತ್ತದೆ ಎನ್ನುವುದು ಅವರ ಮಾತು, ಮತ್ತು ಆ ಮಾತು ಹೇಳುವಾಗ ನನ್ನ ಕಡೆ ಒಂದು ನೋಟ.

ಆ ವರ್ಷ ಬುಡ ಬಿಡಿಸಿದ ಮಾರನೇ ದಿನ ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ದಾವಣಗೆರೆಯ ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು: "ಮಾತು ಮತ್ತೆ ಬರಬಹುದು. ಒಂದೊಂದೇ ಬರ್ತದೆ. ಏನು ಬಂದ್ರೂ ಅದಕ್ಕೆ ಉತ್ತರ ಕೊಡ್ರಿ. ತಾನು ಹೇಳಿದ್ದು ಇವರಿಗೆ ತಿಳೀತದೆ ಅನ್ನಿಸಿದ್ರೇ ಮುಂದಿನ ಮಾತು ಹುಟ್ಟೋದು."

ಹಿತ್ತಲು ಕಾಣುವ ಹಾಗೆ ಹಿಂದಿನ ಪಡಸಾಲೆಯಲ್ಲಿ ಮಂಚ ಹಾಕಿದೆವು. ಮನೆಯಲ್ಲಿ ಎಂಥ ಮೌನವೆಂದರೆ, ಮಿಕ್ಸಿ ಹಾಕಿದರೆ ನನಗೇ ಗಾಬರಿಯಾಗುತ್ತಿತ್ತು. ಬೈಸಿಕೊಳ್ಳದ ಮನೆ ನನ್ನದಲ್ಲವೇನೋ ಅನ್ನಿಸುತ್ತಿತ್ತು. ಹೀಗಿರುವಾಗ ಒಂದು ದಿನ ಅತ್ತೆ ಹಿತ್ತಲ ಕಡೆ ನೋಡುತ್ತ, ತುಟಿ ಸೊಟ್ಟ ಮಾಡಿಕೊಂಡು, "ಕಟ್ಟು" ಎಂದರು. ನಾನು ಕೈಯಲ್ಲಿದ್ದ ತಟ್ಟೆ ಬಿಟ್ಟು ಗಂಡನನ್ನು ಕೂಗಿದೆ. ಎರಡು ದಿನದಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿತು. "ನೀರು ಕಟ್ಟು."

"ಮಲ್ಲಿಗಿ ಬಾಯಿ ಕಟ್ಟಾಕ ಹೇಳಾಕತ್ತಾಳ ಅವ್ವ," ಎಂದ ನನ್ನ ಗಂಡ, ಕಣ್ಣೊರೆಸಿಕೊಳ್ಳುತ್ತ. "ಅಂಥಾದ್ರಾಗೂ ಗಿಡದ ಚಿಂತಿ ನೋಡು." ಓಣಿಗೆಲ್ಲ ಸಕ್ಕರೆ ಹಂಚಿದೆವು. ಡಾಕ್ಟರ ಮಾತಿನಂತೆ ಉತ್ತರವನ್ನೂ ಕೊಟ್ಟೆವು. "ಕಟ್ಟೀವ್ರಿ ಅತ್ತಿ, ಒಂದು ಹನಿ ಹಾಕಿಲ್ಲ." ಅವರು ಎಡಗೈಯಿಂದ ಮಂಚ ಬಡಿದು ಮತ್ತೆ ಅದನ್ನೇ ಹೇಳಿದರು. ನಂಬಿಕೆ ಇಲ್ಲವೇನೋ ಎಂದು ನಾನು ನಲ್ಲಿಯಿಂದ ಪೈಪು ಬಿಚ್ಚಿ, ಅವರಿಗೆ ಕಾಣುವಂತೆ ಸುತ್ತಿ ಮೊಳೆಗೆ ನೇತುಹಾಕಿದೆ. ಅತ್ತೆ ಅತ್ತರು. ಖುಷಿಗೆ ಎಂದುಕೊಂಡೆವು.

ದಿನವಿಡೀ ಅದೇ ಮಾತು, ಅದೇ ಉತ್ತರ. ಆಮೇಲಾಮೇಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಶಿವರಾತ್ರಿಯ ಹೊತ್ತಿಗೆ ನಿಂತೇಹೋಯಿತು. ನೋಡಲು ಬಂದ ನೆಂಟರಿಗೆ, ಈಗ ಸಮಾಧಾನವಾಗಿದ್ದಾರೆ ಎಂದು ನಾನೇ ಹೇಳುತ್ತಿದ್ದೆ. ನೀರು ಬಿಡುವ ದಿನವನ್ನೂ ಅವರೇ ಹೇಳಲಿ ಎಂದು ಕಾದೆವು. ಗಿಡ ಚಿಗುರದಿದ್ದಾಗ, ಈ ಸಲ ಬಿಸಿಲು ಬೇಗ ಬಂತು ಅಂದುಕೊಂಡೆವು.

ಯುಗಾದಿ ಮುಗಿಸಿ ತವರಿನಿಂದ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಮಗನಿಗೆ ಫೋನು ಮಾಡುತ್ತಿದ್ದಳು. "ಕರೆಂಟ್ ಬಂತೇನ? ಮೊದ್ಲು ಹೋಗಿ ಮೆಕ್ಕೆಜೋಳಕ್ಕ ನೀರು ಕಟ್ಟು. ಬಾಡಿ ನಿಂತೈತಿ, ಇವತ್ತು ಕಟ್ಟಲಿಲ್ಲಂದ್ರ ಒಣಗಿ ಹೋಕೈತಿ ನೋಡು."

ಕೇಳದ ಮಾತೇನಲ್ಲ. ಕಾಲುವೆಗೆ ಅಲ್ಲಲ್ಲಿ ಮಣ್ಣಿನ ಒಡ್ಡು ಕಟ್ಟಿ ನೀರನ್ನು ಮಡಿಯಿಂದ ಮಡಿಗೆ ತಿರುಗಿಸುತ್ತಾರೆ. ಅದಕ್ಕೇ ಹೊಲದವರಿಗೆ ನೀರು ಕಟ್ಟುವುದು ಅಂದರೆ ನೀರುಣಿಸುವುದು. ನನ್ನ ಗಂಡ ಕೇಳಿಕೊಂಡೇ ಬೆಳೆದ ಮಾತು. ಆದರೆ ನಮ್ಮ ಮನೆಯಲ್ಲಿ ಮಲ್ಲಿಗೆಯ ಜೊತೆ 'ಕಟ್ಟು' ಬಂದರೆ ಬಾಯಿ ಕಟ್ಟುವುದೊಂದೇ ಆಗಿತ್ತು. ಬಸ್ಸಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಕೂತೆ. ಅತ್ತೆ ಸಮಾಧಾನದಿಂದ ಸುಮ್ಮನಾಗಿರಲಿಲ್ಲ. ಇದ್ದ ಎರಡು ಮಾತನ್ನೂ ನಮಗೆ ಕೊಟ್ಟು, ಇವರಿಗೆ ಹೇಳಿ ಪ್ರಯೋಜನವಿಲ್ಲ ಎಂದು ಸುಮ್ಮನಾಗಿದ್ದರು.

ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಬಕೆಟ್ಟುಗಟ್ಟಲೆ ನೀರು ಸುರಿದೆ. ಬಾಯಿ ತೆರೆದುಕೊಂಡಿದ್ದ ಬೇರುಗಳ ಮೇಲೆ ಮಣ್ಣು ಎಳೆದೆ. ಕೊಂಬೆ ಮುಟ್ಟಿದರೆ ಲಟಕ್ಕೆಂದು ಮುರಿಯಿತು. "ತಿಳೀಲಿಲ್ರಿ ಅತ್ತಿ, ನಮಗ ತಿಳೀಲಿಲ್ಲ," ಎಂದು ಮಂಚದ ಹತ್ತಿರ ಕೂತು ಅತ್ತುಬಿಟ್ಟೆ. ಅವರು ನನ್ನ ಒದ್ದೆ ಸೀರೆಯನ್ನು ನೋಡಿದರು, ಅಷ್ಟೇ.

ಗಂಡ ಹಡಗಲಿಯಿಂದ ಹೊಸ ಸಸಿ ತಂದ. ಅದು ಹೂ ಬಿಟ್ಟಿತು ಕೂಡ, ಅವರ ಎಡಗೈಗೆ ಕೊಟ್ಟರೆ ಹಿಡಿದುಕೊಳ್ಳುತ್ತಾರೆ. ಮಾತಿಲ್ಲ. ಈಗ ನನ್ನದೊಂದು ಹುಚ್ಚಿದೆ. ಹಿತ್ತಲಲ್ಲಿ ಬೇಕೆಂದೇ ತಪ್ಪು ಮಾಡುತ್ತೇನೆ. ಈ ಮಿರಗದಲ್ಲಿ ಅವರೆದುರೇ ಒಂದೇ ಗುಳಿಯಲ್ಲಿ ಮುಷ್ಟಿ ತುಂಬ ಸವತೆ ಬೀಜ ಸುರಿದು, ಮೇಲೆ ಕಾಲಲ್ಲಿ ತುಳಿದು ತುಳಿದು ಮಣ್ಣು ಗಟ್ಟಿ ಮಾಡಿದೆ. ಮಳೆ ಬರುವ ಮುಂಚಿನ ಸೆಕೆಗೆ ಬೆವರು ಇಳಿಯುತ್ತಿತ್ತು. ಬೈಯಿರಿ, ಓಣಿಗೆಲ್ಲ ಕೇಳುವ ಹಾಗೆ ಬೈಯಿರಿ ಎಂದು ಮನಸ್ಸಿನಲ್ಲೇ ಅನ್ನುತ್ತ ತಿರುಗಿ ನೋಡಿದೆ. ಅತ್ತೆ ನನ್ನ ಕಾಲನ್ನೇ ನೋಡುತ್ತಿದ್ದರು. ತುಟಿ ಸ್ವಲ್ಪ ಅಲುಗಿತು. ಆಮೇಲೆ ಎಡಗೈಯಿಂದ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು.