ಜೀಪು ಹತ್ತುತ್ತಿದ್ದ ಏರು

ನಮ್ಮ ಮನೆಯಿಂದ ಯಾರೂ ಡಿಗ್ರಿ ಮುಗಿಸುವುದಿಲ್ಲ ಎಂದವರು ನನ್ನ ಸೋದರಮಾವ. ಸಿರಿಮನೆ ಕಡೆಯಿಂದ ಶೃಂಗೇರಿಗೆ ಬಾಡಿಗೆ ಜೀಪು ಓಡಿಸುತ್ತಿದ್ದರು. ಹಾಗೆ ಅಂದವರೇ ದಿನಾ ನನ್ನನ್ನು ಕಾಲೇಜಿಗೆ ಹತ್ತಿಸಿಕೊಂಡು ಹೋಗುತ್ತಿದ್ದರು. "ಹತ್ತು ಮಾರಾಯ್ತಿ. ಹೆಂಗೂ ಕಾಫಿ ಕುಯ್ಯಕ್ಕೆ ವಾಪಸ್ ಬರೋದೇ ಅಲ್ವಾ."

ಅಮ್ಮ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪನ ಮುಖ ನನಗೆ ನೆನಪಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಮ್ಮನಿಗೆ ನನ್ನ ಪದವಿ ಪತ್ರವನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕಿತ್ತು, ಅಷ್ಟೇ.

ಜೀಪಿಗೆ ಬಾಗಿಲಿರಲಿಲ್ಲ, ಟಾರ್ಪಾಲು ಹರಿದಿತ್ತು, ಇಳಿದ ಮೇಲೂ ಬಟ್ಟೆಗೆ ಡೀಸೆಲ್ ವಾಸನೆ. ನಮ್ಮ ಮನೆ ಹಳ್ಳದ ಬದಿಗೆ. ರಸ್ತೆ ಸೇರಲು ಕೆಸರಿನ ಏರು. ಅಲ್ಲಿ ಚಕ್ರ ಜಾರಿದರೆ ಗಂಡಸರು ಹಿಂದಿನ ಬಂಪರ್ ಮೇಲೆ ಹತ್ತಿ ನಿಲ್ಲುತ್ತಿದ್ದರು. ಭಾರ ಬಿದ್ದೊಡನೆ ಹಿಂದಿನ ಚಕ್ರ ನೆಲ ಕಚ್ಚುತ್ತಿತ್ತು. ಅದಕ್ಕೂ ಬಗ್ಗದಿದ್ದರೆ ಮಾವ ನಾಲ್ಕೂ ಚಕ್ರ ಎಳೆಯುವ ಫೋರ್‌ವೀಲ್ ಗೇರು ಹಾಕುತ್ತಿದ್ದರು.

ನಾನು ಕೊನೆಯ ವರ್ಷದಲ್ಲಿದ್ದಾಗ ಜೀಪು ಮಾರಿದರು. ಶೃಂಗೇರಿಗೆ ಬರುವ ಪ್ರವಾಸಿಗಳು ಕಾರನ್ನೇ ಕೇಳುತ್ತಿದ್ದರು. ನರಸಿಂಹರಾಜಪುರದ ಕಡೆಯವರು ಜೀಪು ಕೊಂಡೊಯ್ದರು, ಬಿಳಿಯ ಸಣ್ಣ ಕಾರು ಬಂತು. ಗಾಜು ಏರಿಸಿದರೆ ಹೊರಗಿನ ಸದ್ದೇ ಇಲ್ಲ. ಅಮ್ಮ ಒಮ್ಮೆ ಕೂತು, ಸೊಂಟವೇ ನೋಯುವುದಿಲ್ಲವಲ್ಲ ಅಂದಿದ್ದಳು.

ಕೊನೆಯ ಪರೀಕ್ಷೆ ಮುಗಿದ ಮಳೆಗಾಲದಲ್ಲಿ ಅವಳಿಗೆ ಎದೆನೋವು ಬಂತು. ಮಾವ ಕಾರು ತಂದರು. ಇಳಿಯುವುದೇನೋ ಇಳಿಯಿತು, ವಾಪಸ್ ಏರು ಹತ್ತಲಿಲ್ಲ. ತೋಟದ ಆಳುಗಳು ಓಡಿಬಂದರು. "ಹಿಂದೆ ಹತ್ರೋ" ಎಂದು ಮಾವನೇ ಕೂಗಿದರು. ಇಬ್ಬರು ಡಿಕ್ಕಿ ತೆಗೆದು ಕೂತರು, ಉಳಿದವರು ಹಿಂದಿನಿಂದ ಅದುಮಿ ಹಿಡಿದರು. ಆ ಕಾರನ್ನು ಎಳೆಯುವುದು ಮುಂದಿನ ಚಕ್ರ. ಹಿಂದೆ ಭಾರ ಬಿದ್ದಷ್ಟೂ ಮುಂದು ಹಗುರಾಗಿ ಚಕ್ರ ಸುಮ್ಮನೆ ಸುತ್ತಿತು. ಇದು ನಮಗೆ ಆಮೇಲೆ ತಿಳಿದದ್ದು. ಕಾರು ಜಾರಿ ಚರಂಡಿಗೆ ಒರಗಿತು. ಅಮ್ಮನನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದೆವು. ಬಸ್ಸು ಸಿಕ್ಕಿ ಶೃಂಗೇರಿಯ ಆಸ್ಪತ್ರೆ ಮುಟ್ಟುವಾಗ ಅವಳ ಉಸಿರು ನಿಂತಿತ್ತು.

ನಾನು ಪಾಸಾದೆ. ನಮ್ಮ ಮನೆತನದಲ್ಲಿ ನಾನೇ ಮೊದಲು. ಅದನ್ನು ಈಗಲೂ ತಲೆಯೆತ್ತಿಯೇ ಹೇಳುತ್ತೇನೆ. ಪದವಿ ಪತ್ರ ಕೊಡುವ ದಿನ ಮಾವ ಕಾಲೇಜಿಗೆ ಬಂದರು, ಬಸ್ಸಿನಲ್ಲಿ. ಗುಮಾಸ್ತರು ಕೊಟ್ಟದ್ದನ್ನು ನಾನು ಮಾವನ ಕೈಗಿಟ್ಟೆ. ಪಂಚೆಗೆ ಕೈ ಒರೆಸಿಕೊಂಡು ಹಿಡಿದರು. ತುಂಬ ಹೊತ್ತು ನೋಡಿದರು, ಓದುತ್ತಿರಲಿಲ್ಲ.

"ಜೀಪ್ ಇದ್ದಿದ್ರೆ ಅಕ್ಕ ಇದನ್ನ ಹಿಡ್ಕತಿದ್ಲು ಮಾರಾಯ್ತಿ" ಅಂದರು.