ಭಾವನ ಪಿಂಚಣಿಗೊಂದು ವರಾನ್ವೇಷಣೆ

ಈಗ ಹೇಳಲಿರುವುದು ಹೀಗೇ ನಡೆಯಿತು ಎಂದು ನಾನು ಆಣೆ ಮಾಡಲಾರೆ. ಟೈ ಕಟ್ಟಿಕೊಂಡು ಬಂದಿದ್ದ ಆ ಹುಡುಗನನ್ನು ನಾನು ನೇರವಾಗಿ ಕೇಳಿದ್ದೆ, “ಇದರಲ್ಲಿ ನಿಮಗೆಷ್ಟು ಸಿಗುತ್ತೆ?” ಎಂದು. ಇದು ನನ್ನ ನೆನಪು. ಅಕ್ಕನ ಪ್ರಕಾರ ನಾನು ಆ ದಿನ ಕೇಳಿದ್ದು ಇನ್ನೊಂದು ಸಲ ಉಪ್ಪಿಟ್ಟನ್ನು. ಭಾವನ ಪ್ರಕಾರ ನಾನು ಅಲ್ಲಿರಲೇ ಇಲ್ಲ.

ಮೂವರಲ್ಲಿ ನೀವು ಯಾರನ್ನು ನಂಬುತ್ತೀರಿ? ನಾನಂತೂ ನನ್ನನ್ನು ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ ನಾನು ಸಂಪಾದಿಸಿದ್ದು ಅನುಮಾನ ಪಡುವ ಅಭ್ಯಾಸವೊಂದನ್ನೇ. ಅದು ಮಾಲೀಕನನ್ನೂ ಬಿಡುವುದಿಲ್ಲ.

ಈ ವಾದ ಎದ್ದದ್ದು ಹೋದ ಭಾನುವಾರ, ಪದ್ಮನಾಭನಗರದಲ್ಲಿ ಅಕ್ಕನ ಮನೆಯ ಊಟದ ನಡುವೆ. ಭಾವ ರಘುನಾಥ್ ಮಸ್ಕತ್‌ನಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದವರು. ಈ ಜಾಗತಿಕ ಕುಸಿತದಲ್ಲಿ ಅವರ ಕಂಪನಿ ಅರ್ಧ ಕಟ್ಟಿದ ಹೋಟೆಲನ್ನೂ ಪೂರ್ತಿ ದುಡಿದ ಎಂಜಿನಿಯರನ್ನೂ ಒಟ್ಟಿಗೆ ಕೈಬಿಟ್ಟಿತು. ಭಾವ ಐವತ್ತು ದಾಟಿದ ಮೇಲೆ ಊರಿಗೆ ವಾಪಸಾದರು. ಮಸ್ಕತ್‌ನಲ್ಲಿ ನಮ್ಮವರಿಗೆ ಪಿಂಚಣಿ ಎಂಬುದಿಲ್ಲ. ಮನೆ ಕಟ್ಟಿಸಿ ಮಿಕ್ಕ ಸಂಬಳವೆಲ್ಲ ತಿಂಗಳು ತಿಂಗಳೂ ಒಂದು ‘ರಿಟೈರ್ಮೆಂಟ್ ಪ್ಲಾನ್’ಗೆ ಹೋಗುತ್ತಿತ್ತು. ಮುಪ್ಪಿಗೆ ಅದೇ ಗತಿ.

ಆ ಹಣ ವಾಪಸ್ ಕೇಳಿದ್ದಾರೆ. ಪ್ಲಾನ್ ಕೊಟ್ಟ ಕಂಪನಿ ಬಹಳ ವಿನಯದಿಂದ ಉತ್ತರಿಸಿದೆ: ಇದು ಇಪ್ಪತ್ತೈದು ವರ್ಷದ ಪ್ಲಾನ್, ತಾವು ನಾಲ್ಕನೆಯ ವರ್ಷದಲ್ಲೇ ನಿಲ್ಲಿಸುತ್ತಿದ್ದೀರಿ, ಆದ್ದರಿಂದ ಸರೆಂಡರ್ ಚಾರ್ಜ್ ಕಳೆದು ಉಳಿದದ್ದನ್ನು ಕೊಡುತ್ತೇವೆ. ಉಳಿದದ್ದರಲ್ಲಿ ಜೀವನ ಕಳೆಯುವುದಿರಲಿ, ಮನೆಗೆ ಸುಣ್ಣ ಹೊಡೆಸಿದರೆ ಮುಗಿಯಿತು. ಭಾವ ಈಗ ಗೊಟ್ಟಿಗೆರೆಯಲ್ಲೊಂದು ಅಪಾರ್ಟ್‌ಮೆಂಟ್ ಕಟ್ಟುವ ಕಡೆ ಸೈಟ್ ಸೂಪರ್‌ವೈಸರ್ ಕೆಲಸ ಕೇಳಿಕೊಂಡು ಸ್ಕೂಟರಿನಲ್ಲಿ ಓಡಾಡುತ್ತಿದ್ದಾರೆ.

ಈ ಪ್ಲಾನ್ ಮಾರಲು ಬಂದಿದ್ದವನು ಸುಹಾಸ್. ಒಂದು ವೆಲ್ತ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಹುಡುಗ. ಭಾವ ರಜೆಗೆ ಬಂದಿದ್ದಾಗ ಅವನನ್ನು ಮನೆಗೇ ಕರೆಸಿದ್ದರು. ಅಕ್ಕ ಉಪ್ಪಿಟ್ಟು, ಕೇಸರಿಭಾತ್ ಮಾಡಿದ್ದಳು. (ಇದರ ಬಗ್ಗೆ ಮಾತ್ರ ನಮ್ಮೆಲ್ಲರ ನೆನಪೂ ಒಂದೇ.) ಅಮ್ಮ ಒಳ್ಳೆಯ ಸೀರೆ ಉಟ್ಟು ಸೋಫಾದ ಮೇಲೆ ಕೂತಿದ್ದಳು. ಹುಡುಗ ಲ್ಯಾಪ್‌ಟಾಪ್ ತೆರೆಯುವ ಮೊದಲೇ ಅಮ್ಮ ಬಾಯಿ ತೆರೆದಳು.

“ಯಾವೂರಪ್ಪ ನಿಮ್ದು?”

“ಹಾಸನದ ಕಡೆ ಆಂಟಿ. ಈಗ ಇಲ್ಲೇ ಶ್ರೀನಗರದಲ್ಲಿ ಸ್ವಂತ ಮನೆ.”

“ಶ್ರೀನಗರದಲ್ಲಿ ಎಲ್ಲಿ? ನಮ್ಮ ಸೀತತ್ತೆ ಇದ್ದಿದ್ದೂ ಅಲ್ಲೇ.”

ಸೀತತ್ತೆಯೂ ಹುಡುಗನ ಅಜ್ಜಿಯೂ ಒಂದೇ ಭಜನಾ ಮಂಡಳಿಯವರೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಲ್ಲಿಗೆ ಕಂಪನಿಯ ಪೂರ್ವಾಪರ ವಿಚಾರಣೆ ಮುಗಿಯಿತು. ಅದು ಎಲ್ಲಿ ನೋಂದಣಿಯಾಗಿದೆ, ಹಣ ಯಾವ ದೇಶದಲ್ಲಿರುತ್ತದೆ ಎಂಬ ಸಣ್ಣಪುಟ್ಟ ವಿಷಯಗಳು ಯಾರಿಗೆ ಬೇಕು?

“ಸಂಬಳ ಎಷ್ಟು ಬರುತ್ತೆ?” (ಬೆಚ್ಚಬೇಡಿ. ನಮ್ಮ ಕಡೆ ಇದು ಕುಡಿಯಲು ನೀರು ಕೊಟ್ಟಷ್ಟೇ ಸಹಜ.)

“ಸಂಬಳ ಕಮ್ಮಿ ಆಂಟಿ, ಇನ್ಸೆಂಟಿವ್ ಜಾಸ್ತಿ. ಅಂಕಲ್ ಈ ಪ್ಲಾನ್ ತಗೊಂಡ್ರೆ ನನ್ನ ಟಾರ್ಗೆಟ್ ಮುಗಿಯುತ್ತೆ. ಕಂಪನಿಯವ್ರೇ ಸ್ವಿಟ್ಜರ್ಲೆಂಡ್‌ಗೆ ಕಳಿಸ್ತಾರೆ.”

ಗಮನಿಸಿ, ಅವನು ಏನನ್ನೂ ಮುಚ್ಚಿಡಲಿಲ್ಲ. ಯಾರ ಹಣದಲ್ಲಿ, ಯಾರ ಲಾಭಕ್ಕಾಗಿ ತಾನು ಇಲ್ಲಿ ಕೂತಿದ್ದೇನೆ ಎಂಬುದನ್ನು ಕಾಫಿ ಲೋಟ ಹಿಡಿದುಕೊಂಡೇ ಹೇಳಿಬಿಟ್ಟ. ನಮ್ಮವರು ಕೇಳಿಸಿಕೊಂಡದ್ದು ಮಾತ್ರ ಬೇರೆ: ಹುಡುಗ ಚುರುಕಾಗಿದ್ದಾನೆ, ಚಿಕ್ಕ ವಯಸ್ಸಿಗೇ ಫಾರಿನ್ ನೋಡುತ್ತಾನೆ.

“ಒಳ್ಳೇದಾಗ್ಲಪ್ಪ,” ಎಂದಳು ಅಮ್ಮ. “ಬೇರೆ ಅಭ್ಯಾಸ ಏನೂ ಇಲ್ಲ ತಾನೆ?”

“ಕಾಫಿ ಬಿಟ್ರೆ ಏನೂ ಇಲ್ಲ ಆಂಟಿ.”

ಅಡುಗೆಮನೆ ಬಾಗಿಲಲ್ಲಿ ಅಕ್ಕ ನನ್ನ ಕಿವಿಯಲ್ಲಿ, “ಪಕ್ಕದ್ಮನೆ ರಾಯರ ಮಗಳಿಗೆ ಹೇಳಿ ಮಾಡ್ಸಿದ ಹಾಗಿದಾನೆ ಕಣೋ,” ಎಂದಳು. (ನಾನು ಅಲ್ಲಿರಲಿಲ್ಲವಾದರೆ ಇದನ್ನು ಯಾರ ಕಿವಿಯಲ್ಲಿ ಹೇಳಿದಳು? ಭಾವನನ್ನು ಕೇಳಬೇಕು.)

ಆಮೇಲೆ ಲ್ಯಾಪ್‌ಟಾಪಿನಲ್ಲಿ ಗೆರೆಯೊಂದು ಮೇಲಕ್ಕೆ, ಇನ್ನೂ ಮೇಲಕ್ಕೆ ಹತ್ತಿತು. “ಎಪ್ಪತ್ತೈದಕ್ಕೆ ನೀವು ರಾಜರ ಹಾಗಿರ್ತೀರಿ ಅಂಕಲ್.” ಅರವತ್ತಕ್ಕೆ ಮಸ್ಕತ್‌ನವರು ಮನೆಗೆ ಕಳಿಸಿದ ಮೇಲೆ ಎಪ್ಪತ್ತೈದರವರೆಗೆ ಕಂತು ಕಟ್ಟುವವರು ಯಾರು? ಇದನ್ನೂ ನಾನೇ ಕೇಳಿದೆ ಎಂದು ನನ್ನ ನೆನಪು. “ಪಾಸಿಟಿವ್ ಆಗಿ ಯೋಚ್ನೆ ಮಾಡ್ಬೇಕು ಸಾರ್,” ಎಂದು ಅವನು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಉತ್ತರ ಇಷ್ಟು ಸ್ಪಷ್ಟವಾಗಿ ನೆನಪಿದೆ ಎಂದರೆ ಪ್ರಶ್ನೆಯನ್ನು ಯಾರೋ ಕೇಳಿರಲೇಬೇಕು.

ಯಾರು ಕೇಳಿದರೇನು, ಭಾವ ಸಹಿ ಹಾಕಿದರು. ಅಮ್ಮ ಹುಡುಗನ ಕೈಗೆ ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟು ಕಳಿಸಿದಳು.

ಈ ಭಾವನನ್ನು ಗಾಂಧಿಬಜಾರಿನಲ್ಲಿ ಅವರೆಕಾಯಿ ಕೊಳ್ಳುವಾಗ ನೀವು ನೋಡಬೇಕು. ಕಾಯಿ ಮೂಸುತ್ತಾರೆ, ಸೊಗಡಿಲ್ಲ ಎನ್ನುತ್ತಾರೆ, ರಾಶಿಯ ಅಡಿಯಿಂದ ತೆಗೆದುಕೊಡು ಎನ್ನುತ್ತಾರೆ, ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ಬರುತ್ತಾರೆ. ಒಂದು ಹೊತ್ತಿನ ಸಾರಿಗೆ ಇಷ್ಟು ತನಿಖೆ. ಮುಪ್ಪಿನ ಅನ್ನಕ್ಕೆ ಭಜನಾ ಮಂಡಳಿಯ ಜಾಮೀನು. ಏಕೆ? ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದವನನ್ನು “ನನ್ನ ದುಡ್ಡಲ್ಲಿ ನಿನ್ನ ಪಾಲೆಷ್ಟು?” ಎಂದು ಕೇಳುವುದು ಮರ್ಯಾದೆಯಲ್ಲ. “ಸಂಬಳ ಎಷ್ಟು?” ಎಂದು ಕೇಳುವುದು ಮರ್ಯಾದೆ. ಎರಡೂ ಒಂದೇ ಪ್ರಶ್ನೆ ಎಂದು ನಮಗೆ ಹೊಳೆಯುವುದಿಲ್ಲ.

ಭಾನುವಾರ ನಾನು ಇದನ್ನೇ ಹೇಳಿದಾಗ ಭಾವ ಮೊಸರನ್ನ ಕಲಸುತ್ತಾ, “ಅವನು ಮೋಸ ಮಾಡ್ಲಿಲ್ಲ ಕಣಯ್ಯ. ಎಲ್ಲಾ ಹೇಳಿದ್ದ,” ಎಂದರು.

“ಹೇಳಿದ್ದ,” ಎಂದಳು ಅಕ್ಕ. “ಹೇಳಿದ ಹಾಗೇ ಅವನು ಸ್ವಿಟ್ಜರ್ಲೆಂಡ್‌ಗೆ ಹೋದ. ನೀವು ಗೊಟ್ಟಿಗೆರೆಗೆ ಹೋಗ್ತಿದೀರಿ.”

ಭಾವ ಉಪ್ಪಿನಕಾಯಿ ಕೇಳಿದರು. ಅಮ್ಮ ಬಡಿಸಿದಳು.

ಹೊರದೇಶದಲ್ಲಿ ದುಡಿಯುವವರು ಇಂಥ ಸಂಸ್ಥೆಗಳಿಗೆ ಪಿಂಚಣಿಯ ಹಣ ಒಪ್ಪಿಸಬಹುದೇ? ಮಸ್ಕತ್, ದುಬೈಗಳಲ್ಲಿ ಮಕ್ಕಳು ಅಳಿಯಂದಿರಿರುವ ಓದುಗರು ಆಗಾಗ ಕೇಳುತ್ತೀರಿ. ಅಲ್ಲಿನ ಕಾನೂನು ಅರ್ಧ, ಇಲ್ಲಿನ ತೆರಿಗೆ ಅರ್ಧ ಗೊತ್ತಿರುವವನಿಗೆ ಬಲ್ಲವರೊಬ್ಬರು ಬೇಕು, ಒಪ್ಪುತ್ತೇನೆ. ಆದರೆ ಡಾಕ್ಟರಿಗೆ ಕೊಡುವ ಹಾಗೆ ಫೀಸನ್ನು ನೀವೇ ಕೊಡಿ. “ನಾವು ನಿಮ್ಮಿಂದ ಒಂದು ಪೈಸೆಯೂ ತಗೊಳ್ಳಲ್ಲ” ಎಂದರೆ ಎದ್ದು ಬನ್ನಿ. ಸಮಾಜಸೇವೆ ಮಾಡುವವರು ಟೈ ಕಟ್ಟಿಕೊಂಡು ಬರುವುದಿಲ್ಲ. ನೌಕರಿ ಮುಗಿಯುವ ವಯಸ್ಸಿಗಿಂತ ಕಂತು ಉದ್ದವಾಗಿದ್ದರೆ ಕಾಫಿಯನ್ನೂ ಕೊಡಬೇಡಿ.

ಇಷ್ಟು ಬರೆದು ನಿಲ್ಲಿಸುವವನಿದ್ದೆ. ನನ್ನ ನೆನಪನ್ನು ನಂಬಿ ಒಬ್ಬ ಹುಡುಗನ ಬಗ್ಗೆ ಇಷ್ಟೆಲ್ಲ ಬರೆಯಬಹುದೇ ಎಂಬ ಅನುಮಾನ ಬಂತು. ಪಾಪ, ಅವನಿಗೇ ಆ ಪ್ಲಾನ್ ಒಳ್ಳೆಯದೆಂಬ ನಂಬಿಕೆ ಇದ್ದಿರಬಹುದಲ್ಲ?

ಸುಹಾಸ್ ಈಗ ಪಕ್ಕದ ಮನೆ ರಾಯರ ಅಳಿಯ. ಮದುವೆ ಕುದುರಿಸಿದವಳು ಅಮ್ಮನೇ. ರಾಯರು ಹೋದ ವರ್ಷ ಸರ್ಕಾರಿ ಕೆಲಸದಿಂದ ನಿವೃತ್ತರಾದರು. ಆ ಭಾನುವಾರ ಸಂಜೆಯೇ ಅವರ ಗೇಟಿನ ಹತ್ತಿರ ನಿಂತು, ನಿವೃತ್ತಿಯ ಹಣವನ್ನು ಅಳಿಯಂದಿರು ಎಲ್ಲಿ ಹಾಕಿಸಿದರು ಎಂದು ಕೇಳಿದ್ದೆ.

“ಬೇರೆ ಎಲ್ಲೂ ಬೇಡ್ವೇ ಬೇಡ ಅಂದ್ಬಿಟ್ರು ನಮ್ಮ ಅಳಿಯಂದ್ರು,” ಎಂದರು ರಾಯರು, ಹೆಮ್ಮೆಯಿಂದ.

ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಸೋಮವಾರ ಬೆಳಿಗ್ಗೆ ಮತ್ತೆ ಫೋನ್ ಮಾಡಿ ಖಚಿತಪಡಿಸಿಕೊಂಡೆ: ಪೂರ್ತಿ ಹಣ, ಪೋಸ್ಟ್ ಆಫೀಸಿನಲ್ಲಿ.