ಧರಣೇಂದ್ರಯ್ಯನವರ ಅರಳಿ

ತೆಂಗಿನ ನಾರಿನ ಪುಡಿ ಒಣಗಿದ್ದಾಗ ಹೊಸ ಹಗ್ಗದ ವಾಸನೆ, ಮೂಗಿಗೆ ಹಿತ. ಅದೇ ಒದ್ದೆಯಾಗಿ, ಗಾಳಿಯಾಡದೆ ಕೂತರೆ ಹುಳಿಹುಳಿಯಾದ ಕೊಳೆತ ವಾಸನೆ. ಕಳೆದ ಶನಿವಾರ ಹಿತ್ತಿಲಲ್ಲಿ ಮಳೆಗೆ ಸಿಕ್ಕಿದ್ದ ಒಂದು ಚೀಲದ ಬಾಯಿ ಬಿಚ್ಚಿದೆ. ಆ ವಾಸನೆ ಒಮ್ಮೆಲೇ ಮುಖಕ್ಕೆ ಹೊಡೆಯಿತು. ಮರುದಿನ ನನ್ನ ಹುಣಸೆಗೆ ಮಣ್ಣು ಬದಲಾಯಿಸುವುದಿತ್ತು, ಕೆಲಸ ಬೇಕಾದಷ್ಟಿತ್ತು. ಆದರೂ ಬಾವಿಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟೆ. ಒಂದು ಚೀಲ ನಾರಿನ ಪುಡಿಗೆ ಎದೆ ಹೊಡೆದುಕೊಳ್ಳುವ ಹೆಂಗಸು ಇವಳೊಬ್ಬಳೇ ಇರಬೇಕು ಎಂದು ನೀವು ನಗಬಹುದು. ಬೇಕಾದರೆ ನಮ್ಮ ಅರಸೀಕೆರೆಯ ಕುಳ್ಳ ಮರದ ಸಂಘದಿಂದ ಯಾರನ್ನಾದರೂ ಕರೆತಂದು ಆ ಚೀಲದ ಮುಂದೆ ನಿಲ್ಲಿಸಿ ನೋಡಿ, ಅವರ ಮುಖವೂ ಸಪ್ಪಗಾಗುತ್ತದೆ.

ನಮ್ಮದು ಬೋನ್ಸಾಯ್ ಕ್ಲಬ್. ಕುಳ್ಳ ಮರದ ಸಂಘ ಎನ್ನುವುದು ಊರಿನವರು ಇಟ್ಟ ಹೆಸರು. ಮುಗಿಲಿಗೆ ಮುಟ್ಟುವ ತೆಂಗು ಬೆಳೆಯುವ ಸೀಮೆಯಲ್ಲಿ ಮರವನ್ನು ಮೊಳದುದ್ದಕ್ಕೆ ನಿಲ್ಲಿಸಿ ಸಂಭ್ರಮಪಡುವವರನ್ನು ಕಂಡರೆ ಯಾರಿಗಾದರೂ ನಗು ಬರುವುದೇ. ಗಂಡಸಿ ಊರಿನ ಶಿವಣ್ಣನಂತೂ ಮನೆಯಲ್ಲಿ ಬೈಸಿಕೊಂಡೇ ಬರುತ್ತಿದ್ದರು. "ತ್ವಾಟದಾಗಿರೋ ಮರುಕ್ಕೆ ಗೊಬ್ಬರ ಹಾಕಕ್ಕೆ ಪುರುಸೊತ್ತಿಲ್ಲ, ತಟ್ಟೇಲಿರೋ ಮರ ನೋಡಕ್ಕೆ ಅರಸೀಕೆರೆಗೆ ಓಡ್ತೀರಲ್ಲ ಅಂತಾಳೆ ಕಣಕ್ಕ," ಎಂದು ಹೆಂಡತಿಯ ದನಿಯಲ್ಲೇ ಹೇಳಿ ತಾವೇ ನಗುತ್ತಿದ್ದರು. ನಾನು ಸೇರಿದ್ದಕ್ಕೂ ದೊಡ್ಡ ಕಾರಣವೇನಿಲ್ಲ. ಹೈಸ್ಕೂಲು ಮೇಡಂ ಆದ ಮೇಲೆ ಎದುರಿಗೆ ಸಿಕ್ಕಿದ್ದನ್ನೆಲ್ಲ ತಿದ್ದುವ ಚಟ. ಮಕ್ಕಳು ಎದುರುತ್ತರ ಕೊಡುತ್ತಾರೆ, ಗಿಡ ಕೊಡುವುದಿಲ್ಲ ಎಂದುಕೊಂಡಿದ್ದೆ.

ನಾವು ಸೇರುತ್ತಿದ್ದುದು ರತ್ನಕ್ಕನ ಮನೆಯಂಗಳದಲ್ಲಿ. ರತ್ನಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾದವರು. ನಿವೃತ್ತಿ ಕಾಗದದ ಮೇಲೆ ಮಾತ್ರ. ಕತ್ತರಿಯನ್ನು ಬಿಸಿನೀರಿನಲ್ಲಿ ಅದ್ದದೆ ಅವರ ಅಂಗಳದಲ್ಲಿ ಯಾರೂ ಗಿಡ ಮುಟ್ಟುವ ಹಾಗಿರಲಿಲ್ಲ. ಕೊಂಬೆಗೆ ತಂತಿ ಬಿಗಿಯಾಗಿ ಸುತ್ತಿದ್ದರೆ, "ರಕ್ತ ಓಡಾಡೋದು ಬೇಡ್ವೇನೇ ಅದಕ್ಕೆ?" ಎಂದು ಗದರುತ್ತಿದ್ದರು. ಪ್ರತಿ ಸಲವೂ ಉಪ್ಪಿಟ್ಟು ಮಾಡುತ್ತಿದ್ದರು, ಪ್ರತಿ ಸಲವೂ ಉಪ್ಪು ಕಡಿಮೆ. ಅದನ್ನು ಹೇಳುವ ಧೈರ್ಯ ಮಾತ್ರ ಸಂಘದಲ್ಲಿ ಯಾರಿಗೂ ಇರಲಿಲ್ಲ.

ಈ ಅಂಗಳಕ್ಕೆ ಹಳೇಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದವರು ಧರಣೇಂದ್ರಯ್ಯ. ಬಟ್ಟೆ ಅಂಗಡಿಯವರು, ಜೈನರು. ಅವರು ಮರದ ಮೋಹಕ್ಕೆ ಬಿದ್ದು ಬಂದವರಲ್ಲ. ಅವರ ಅಂಗಡಿಯ ಗೋಡೆಯಲ್ಲಿ ಒಂದು ಅರಳಿ ಸಸಿ ಹುಟ್ಟಿತ್ತು. ಬಿಟ್ಟರೆ ಗೋಡೆ ಬಿರಿಯುತ್ತದೆ. ಗಾರೆಯವನು ಬೇರಿಗೆ ಆ್ಯಸಿಡ್ ಹಾಕೋಣ ಎಂದನಂತೆ. ಆಗಿನ್ನೂ ಅವರ ತಾಯಿ ಇದ್ದರು. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ ಆಕೆ, "ಕೀಳೋದಾದ್ರೆ ಕೀಳು, ಸಾಯಿಸಬೇಡ. ಅದು ನಮ್ಮ ಗೋಡೇನ ನಂಬಿ ಬಂದಿದೆ," ಎಂದರಂತೆ. ಇಟ್ಟಿಗೆ ಬಿಚ್ಚಿ, ಬೇರು ಹರಿಯದಂತೆ ಸಸಿಯನ್ನು ಬಿಡಿಸಿ, ಒದ್ದೆ ಪಂಚೆಯಲ್ಲಿ ಸುತ್ತಿಕೊಂಡು ಧರಣೇಂದ್ರಯ್ಯ ನೇರವಾಗಿ ನಮ್ಮಲ್ಲಿಗೆ ಬಂದಿದ್ದರು. "ಇದನ್ನ ಬದುಕಿಸಿಟ್ಟುಕೊಳ್ಳೋದು ಹೇಗೆ ಅಂತ ಹೇಳಿಕೊಡ್ತೀರಾ?" ಎಂದು ಕೇಳಿದ ಮೊದಲ ಮನುಷ್ಯ ಅವರು. ನಾವೆಲ್ಲ ಕೇಳಿದ್ದು ಚೆನ್ನಾಗಿ ಕಾಣಿಸುವುದು ಹೇಗೆ ಎಂದು.

ವರ್ಷಗಳು ಕಳೆದು ತಾಯಿ ತೀರಿಕೊಂಡರು. ಅರಳಿ ಮಾತ್ರ ತಟ್ಟೆಕುಂಡದಲ್ಲಿ ಒಂದು ಹಳೆಯ ಊರಕಟ್ಟೆಯ ಮರದ ಹಾಗೆ ಬುಡ ಬಿಟ್ಟು ನಿಂತಿತು. ಆದರೆ ಕುಂಡದ ಮರಕ್ಕೆ ಒಂದೆರಡು ವರ್ಷಕ್ಕೊಮ್ಮೆ ಬೇರು ಕತ್ತರಿಸಿ ಮಣ್ಣು ಬದಲಾಯಿಸಲೇಬೇಕು. ಬೇರು ಕಿತ್ತರೆ ಜೀವಹಿಂಸೆ ಎಂದು ಗೆಡ್ಡೆಗೆಣಸನ್ನೂ ಮನೆಯೊಳಗೆ ತಾರದ ಧರಣೇಂದ್ರಯ್ಯನವರಿಗೆ ಅದೊಂದು ಆಗುತ್ತಿರಲಿಲ್ಲ. ಮರವನ್ನು ರತ್ನಕ್ಕನ ಕೈಗೆ ಕೊಟ್ಟು ಬೀದಿಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. "ಹೆರಿಗೆ ಕ್ವಾಣೆ ಹೊರಗೆ ನಿಂತ ಗಂಡನ್ನ ಕಂಡಂಗಾಯ್ತದೆ ಸ್ವಾಮಿ ನಿಮ್ಮನ್ನ," ಎಂದು ಶಿವಣ್ಣ ರೇಗಿಸಿದರೆ, "ಮುಗೀತಾ, ಅಷ್ಟು ಹೇಳಿ," ಎನ್ನುತ್ತಿದ್ದರು. ಹಾಗೆಂದು ರತ್ನಕ್ಕನಿಗೆ ಅದು ಸುಲಭದ ಕೆಲಸವಾಗಿರಲಿಲ್ಲ. ಅವರದು ಬೌದ್ಧರ ಮನೆ, ಅರಳಿ ಎಂದರೆ ಅವರಿಗೂ ಕೈಮುಗಿಯುವ ಮರವೇ. ಶಿವಣ್ಣನಾಗಲಿ ನಾನಾಗಲಿ ಅರಳಿಗೆ ಕತ್ತರಿ ಹಾಕುವವರಲ್ಲ. ಕೊನೆಗೆ ಯಾರಾದರೂ ಮಾಡಲೇಬೇಕಲ್ಲ, ರತ್ನಕ್ಕ ತುಟಿ ಬಿಗಿಹಿಡಿದು ಮಾಡಿ ಮುಗಿಸುತ್ತಿದ್ದರು.

ಸಂಘದಲ್ಲೊಂದು ಪದ್ಧತಿ ಇತ್ತು, ಈಗಲೂ ಇದೆ. ಯಾರಾದರೂ ಊರು ಬಿಟ್ಟು ಹೋಗುವುದಿದ್ದರೆ ಅವರ ಮರ ರತ್ನಕ್ಕನ ಜಗಲಿಗೆ ಬರುತ್ತದೆ. ಅವರು ಬರುವ ತನಕ ಅದು ಎಲ್ಲರ ಮರ. ಧರಣೇಂದ್ರಯ್ಯ ಹೆಂಡತಿ ಪದ್ಮಮ್ಮನವರೊಡನೆ ಉತ್ತರದ ಜೈನ ತೀರ್ಥ ಶಿಖರ್ಜಿಗೆ ತಿಂಗಳ ಯಾತ್ರೆ ಹೊರಟಾಗ ಅರಳಿಯನ್ನೂ ಹಾಗೇ ತಂದಿಟ್ಟರು. ರೈಲು ಹಿಡಿಯುವ ಮೊದಲು ಅದರ ಎಲೆಗಳ ಧೂಳು ಒರೆಸಿದರು. "ಅಮ್ಮನಿಗೆ ಮಾತು ಕೊಟ್ಟಿದ್ದೀನಿ. ನೋಡಿಕೊಳ್ಳಿ," ಎಂದು ನಮಗೆ ಕೈಮುಗಿದರು. ಹಾಗೆ ಕೈಮುಗಿದದ್ದೇ ನಮ್ಮನ್ನು ಹಾಳು ಮಾಡಿದ್ದು.

ಹೇಗೆ ಅಂತೀರಾ? ರತ್ನಕ್ಕ ದಿನಾ ಬೆಳಿಗ್ಗೆ ಅದಕ್ಕೆ ನೀರು ಹಾಕುತ್ತಿದ್ದರು. ವಯಸ್ಸಾದವರು, ಮರೆತಿರುತ್ತಾರೆ ಎಂದು ಸ್ಕೂಲಿನಿಂದ ಬರುವಾಗ ಗೇಟು ತೆಗೆದು ನಾನೊಂದು ಮಗ್ಗು ಹಾಕುತ್ತಿದ್ದೆ. ಹೆಂಗಸರಿಗೆ ಮನೆಕೆಲಸದ ನಡುವೆ ಎಲ್ಲಿ ಪುರುಸೊತ್ತು ಎಂದು, ಸಂತೆಗೆ ಬಂದಾಗಲೆಲ್ಲ ಶಿವಣ್ಣ ಚೊಂಬು ತುಂಬಿ ಸುರಿಯುತ್ತಿದ್ದರು. ಒಬ್ಬರಿಗೆ ತಿಳಿಯದ ಹಾಗೆ ಇನ್ನೊಬ್ಬರು. ಆ ಸಲದ ಮಣ್ಣಿಗೆ ನಮ್ಮೂರಿನ ಪ್ರತಾಪವೆಂಬಂತೆ ನಾರಿನ ಪುಡಿಯನ್ನು ಧಾರಾಳವಾಗಿ ಬೆರೆಸಿದ್ದೆವು. ಅದು ಕುಡಿದ ನೀರನ್ನು ಬಿಟ್ಟುಕೊಡುವುದಿಲ್ಲ. ಎಲೆ ಹಳದಿಯಾಗತೊಡಗಿತು. ಬಿಸಿಲಿಗೆ ಬಾಡುತ್ತಿದೆ, ಪಾಪ, ಎಂದು ಮೂವರೂ ಬೇರೆಬೇರೆಯಾಗಿ ಮರುಗಿ ನೀರು ಇನ್ನಷ್ಟು ಹೆಚ್ಚಿಸಿದೆವು. ಪ್ರೀತಿಗೂ ಒಂದು ಅಳತೆ ಬೇಕು ಎಂದು ಈಗ ಹೇಳುವುದು ಸುಲಭ.

ಧರಣೇಂದ್ರಯ್ಯ ವಾಪಸು ಬರುವ ದಿನ ನಮ್ಮ ಸಭೆಯ ಭಾನುವಾರವೇ ಬಿತ್ತು. ಮಧ್ಯಾಹ್ನದ ರೈಲಿಗೆ ಇಳಿದು, ಮರ ಎತ್ತಿಕೊಂಡು ಹಳೇಬೀಡಿಗೆ ಹೋಗುವುದು ಎಂದು ಮಾತು. ಹನ್ನೊಂದರ ಹೊತ್ತಿಗೆ ನಾವು ಮೂವರೂ ಜಗಲಿಯ ಮುಂದೆ ನಿಂತಿದ್ದೆವು. ಉಳಿದಿದ್ದ ಎಲೆಗಳೂ ಮುಟ್ಟಿದರೆ ಉದುರುತ್ತಿದ್ದವು. ನನ್ನ ಕೈ ಮಗ್ಗಿಗೆ ಹೋಯಿತು.

"ಬೇಡ ಕಣೇ, ನಾನು ಬೆಳಿಗ್ಗೆ ಹಾಕಿದ್ದೀನಿ," ಎಂದರು ರತ್ನಕ್ಕ.

"ಬೆಳಿಗ್ಗೇನಾ? ನಾನು ನಿನ್ನೆ ಸಂಜೆ ಹಾಕಿದ್ದೆನಲ್ಲ ಅಕ್ಕ."

ರತ್ನಕ್ಕ ನನ್ನನ್ನು ನೋಡಿದರು. ಆಮೇಲೆ ಇಬ್ಬರೂ ಶಿವಣ್ಣನನ್ನು ನೋಡಿದೆವು. ಅವರು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು.

"ನಾನೂ ಉಯ್ತಿದ್ದೆ ಕಣಕ್ಕ. ಒಣಗ್ಕಂಡೈತೆ ಅನ್ಕಂಡೆ."

ರತ್ನಕ್ಕ ಕುಂಡವನ್ನು ಎತ್ತಿ ಮೇಜಿನ ಮೇಲಿಟ್ಟು, ಅಂಚಿನಲ್ಲಿ ಕೊರೆದು, ಮರವನ್ನು ಮಣ್ಣು ಸಮೇತ ಎಬ್ಬಿಸಿದರು. ಆಗ ಬಂತು ಆ ವಾಸನೆ. ಬೇರುಗಳು ಕಪ್ಪಗಾಗಿದ್ದವು, ಬೆರಳಿಗೆ ಸಿಪ್ಪೆ ಕಳಚಿ ಬರುತ್ತಿತ್ತು. "ಕೊಳೆತದ್ದನ್ನ ಈಗಲೇ ಕತ್ತರಿಸಿ ತೆಗೀಬೇಕು," ಎಂದು ಕತ್ತರಿಗೆ ಕೈ ಹಾಕಿದರು. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವರ ಫೋನು ಹೊಡೆದುಕೊಂಡಿತು. ಧರಣೇಂದ್ರಯ್ಯನವರದೇ. ಕೈ ಮಣ್ಣಾಗಿದ್ದರಿಂದ ಸ್ಪೀಕರಿಗೆ ಹಾಕಿದರು.

"ರತ್ನಕ್ಕ, ಬೀರೂರಿನಲ್ಲಿ ನಿಂತಿದೆ ಗಾಡಿ. ಇನ್ನೇನು ಬಂದೆವು. ಮರ ಚೆನ್ನಾಗಿದೆ ತಾನೆ?"

ಯಾತ್ರೆಯ ಉದ್ದಕ್ಕೂ ಅವರು ಹೀಗೆ ಕೇಳಿದಾಗಲೆಲ್ಲ ಚೆನ್ನಾಗಿದೆ ಎಂದೇ ಹೇಳಿದ್ದರು ರತ್ನಕ್ಕ. ಬಿಸಿಲಿಗೆ ಬಾಡಿದ್ದು ಚೇತರಿಸಿಕೊಳ್ಳುತ್ತದೆ ಎಂದೇ ನಂಬಿದ್ದರು ಕೂಡ. ಈಗ ಒಂದು ಉಸಿರು ಎಳೆದುಕೊಂಡರು. "ಸುಳ್ಳು ಹೇಳಲ್ಲ ಧರಣೇಂದ್ರಯ್ಯನವರೇ. ಬೇರು ಕೊಳೆತಿದೆ. ನೀರು ಜಾಸ್ತಿ ಆಯ್ತು, ನಮ್ಮಿಂದಲೇ. ಕತ್ತರಿಸಿದರೆ ಉಳೀಬಹುದು."

ಆ ಕಡೆಯಿಂದ ಟೀ ಮಾರುವವನ ಕೂಗು ಮಾತ್ರ ಕೇಳಿಸುತ್ತಿತ್ತು. ಆಮೇಲೆ, "ಯಾರೂ ಮುಟ್ಟಬೇಡಿ. ನಾನು ಬರ್ತೀನಿ," ಎಂದು ಫೋನು ಇಟ್ಟರು.

ಬೇರಿಗೆ ಒದ್ದೆ ಬಟ್ಟೆ ಸುತ್ತಿ ಕಾಯುತ್ತ ಕೂತೆವು. ಬೀರೂರೇನು ದೂರವಲ್ಲ. ಆ ದಿನ ಮಾತ್ರ ಗಾಡಿ ಎಲ್ಲೋ ಸಿಗ್ನಲ್ಲಿಗೆ ನಿಂತಿತು. ಬಿಸಿಲು ಜಗಲಿಯಿಂದ ಮೇಜಿನ ಕಾಲಿಗೆ ಬಂತು. ಬಟ್ಟೆ ಒಣಗಿದ ಹಾಗೆಲ್ಲ ನೀರು ಚಿಮುಕಿಸಬೇಕು. ಆ ನೀರಿನ ತಂಬಿಗೆ ಮುಟ್ಟಲು ನನಗೆ ಭಯವಾಗುತ್ತಿತ್ತು.

"ನಾವು ಕಾಯ್ತಾ ಕುಂತ್ರೆ ಕೊಳೆ ಏನ್ ಕಾಯ್ತದಾ?" ಎಂದು ಶಿವಣ್ಣ ಸಿಡುಕಿದರು. "ಕತ್ತರಿಸ್ಬಿಡಿ ಅಕ್ಕ. ಬಂದ್ ಮ್ಯಾಲೆ ಬೈಸ್ಕಂಡ್ರಾಯ್ತು."

ರತ್ನಕ್ಕ ಕತ್ತರಿ ಎತ್ತಿಕೊಂಡರು, ಮತ್ತೆ ಇಟ್ಟರು. "ಮನೆಯವರು ಒಪ್ಪದೆ ಆಪರೇಷನ್ ಮಾಡಕ್ಕಾಗಲ್ಲ ಕಣೋ ಶಿವಣ್ಣ," ಎಂದರು. ಆಸ್ಪತ್ರೆಯಲ್ಲಿ ಎಂತೆಂಥದನ್ನೋ ನೋಡಿದ ಹೆಂಗಸು, ಅಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಕೂರಲಾರದೆ ಶಿವಣ್ಣ ಬೈಕು ತೆಗೆದುಕೊಂಡು ಸ್ಟೇಷನ್ನಿಗೆ ಹೋದರು. ನಾನು ಮನಸ್ಸಿನಲ್ಲೇ ಧರಣೇಂದ್ರಯ್ಯನವರ ಬೈಗುಳವನ್ನು ತಯಾರಿಸಿಕೊಳ್ಳುತ್ತಿದ್ದೆ. ಅವರಿಗೆ ಬೈಯಲು ಬರುವುದಿಲ್ಲ ಎಂಬುದೇ ಇನ್ನಷ್ಟು ಹಿಂಸೆ ಕೊಡುತ್ತಿತ್ತು.

ಕೊನೆಗೂ ಬೈಕಿನ ಸದ್ದಾಯಿತು. ಪದ್ಮಮ್ಮ ಸಾಮಾನಿನೊಂದಿಗೆ ಹಿಂದೆ ಆಟೋದಲ್ಲಿ. ಧರಣೇಂದ್ರಯ್ಯ ಗೇಟಿನ ಹೊರಗೇ ಚಪ್ಪಲಿ ಬಿಟ್ಟು, ನಮ್ಮ ಯಾರ ಮುಖವನ್ನೂ ನೋಡದೆ ಮೇಜಿನ ಹತ್ತಿರ ಹೋದರು. ನಮಗೆ ಬೆನ್ನು ಹಾಕಿ, ಬಗ್ಗಿ, ಬಟ್ಟೆ ಸರಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಯಾರು ಹಾಕಿದ್ದು, ಎಷ್ಟು ಹಾಕಿದ್ದು, ಒಂದನ್ನೂ ಕೇಳಲಿಲ್ಲ. ಇನ್ನೇನು ಬೀದಿಗೆ ಹೋಗಿ ನಿಲ್ಲುತ್ತಾರೆ ಎಂದು ರತ್ನಕ್ಕ ಕತ್ತರಿ ಹಿಡಿದು ಮುಂದೆ ಬಂದರೆ, ಅವರು ಕೈ ಚಾಚಿದರು.

"ಕೊಡಿ. ಈ ಸಲ ನಾನೇ."

"ನೀವಾ ಸ್ವಾಮಿ?" ಎಂದರು ಶಿವಣ್ಣ.

"ಇಷ್ಟು ವರ್ಷ ಮರ ನನಗೆ, ಪಾಪ ನಿಮಗೆ ಅಂತ ಇಟ್ಟುಕೊಂಡಿದ್ದೆ ಶಿವಣ್ಣ. ಇನ್ನು ಸಾಕು."

ಅಷ್ಟರಲ್ಲಿ ಆಟೋದಿಂದ ಇಳಿದ ಪದ್ಮಮ್ಮ, ಗಂಡನ ಕೈಯಲ್ಲಿ ಕತ್ತರಿ ಕಂಡು ಗೇಟಿನಲ್ಲೇ ನಿಂತರು. "ರೀ, ಏನ್ರೀ ಮಾಡ್ತಿದ್ದೀರಿ?" ಎಂದರು. ಧರಣೇಂದ್ರಯ್ಯ ಬೇರು ಬಿಡಿಸತೊಡಗಿದರು. ಆಕೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು, ಮಂತ್ರಕ್ಕೆ ತುಟಿ ಮಾತ್ರ ಆಡುತ್ತಿತ್ತು.

ಮೊದಲ ಬೇರು ಕತ್ತರಿಸುವಾಗ ಧರಣೇಂದ್ರಯ್ಯನವರ ಕತ್ತರಿ ಎರಡು ಸಲ ಜಾರಿತು. "ಇನ್ನೂ ಮೇಲಕ್ಕೆ," ಎನ್ನುತ್ತಿದ್ದರು ರತ್ನಕ್ಕ, "ಒಳಗೆ ಬಿಳಿ ಕಾಣೋವರೆಗೂ." ಬಿಳಿ ಕಾಣುತ್ತಿರಲಿಲ್ಲ. ಇನ್ನೂ ಮೇಲಕ್ಕೆ. ಮೇಜಿನ ಕೆಳಗೆ ಕಪ್ಪು ಬೇರಿನ ರಾಶಿ ಬೆಳೆಯಿತು. ಕಡೆಗೆ ಒಂದೇ ಒಂದು ಬೇರಿನಲ್ಲಿ ಬಿಳಿ ಕಂಡಾಗ ಶಿವಣ್ಣ, "ಐತೆ! ಜೀವ ಐತೆ!" ಎಂದು ಕೂಗಿದರು. ನಾನು ಅತ್ತುಬಿಟ್ಟೆ. ಆ ಒಂದು ಬೇರಿಗೆ ಅಷ್ಟೂ ಕೊಂಬೆ ಭಾರ, ಕೊಂಬೆಗಳನ್ನೂ ಅವರೇ ಕತ್ತರಿಸಿದರು. ವರ್ಷಗಟ್ಟಲೆ ಬಗ್ಗಿಸಿ ಬೆಳೆಸಿದ ಆಕಾರವೆಲ್ಲ ಹೋಗಿ ಒಂದು ಮೋಟು ಉಳಿಯಿತು. ಅದನ್ನು ಮರಳಿನಲ್ಲಿ ನೆಟ್ಟು, ಮಗುವಿನ ಹಾಗೆ ಎದೆಗೊತ್ತಿಕೊಂಡು ಅವರು ಬಸ್ಸು ಹತ್ತಿದರು.

ಚಿಗುರಿತೇ ಎಂದು ಫೋನು ಮಾಡಲು ಯಾರಿಗೂ ಬಾಯಿ ಬರಲಿಲ್ಲ. ಮುಂದಿನ ಸಭೆಗೆ ಧರಣೇಂದ್ರಯ್ಯ ಬರಿಗೈಯಲ್ಲಿ ಬಂದರು. "ಹೋಯ್ತು. ನಾನೇ ಕತ್ತರಿಸಿದ್ದು ಹೆಚ್ಚಾಯಿತು, ಅಭ್ಯಾಸ ಇಲ್ಲದ ಕೈ," ಎಂದರು. ರತ್ನಕ್ಕ ಉಪ್ಪಿಟ್ಟಿನ ತಟ್ಟೆ ಅವರ ಮುಂದಿಟ್ಟು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಇವರು ಇನ್ನು ಸಂಘದ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆವು. ಅದು ಸುಳ್ಳಾಯಿತು. ಇವತ್ತಿನವರೆಗೂ ಒಂದು ಮರವನ್ನೂ ಇಟ್ಟುಕೊಳ್ಳದೆ, ಒಂದು ಸಭೆಯನ್ನೂ ತಪ್ಪಿಸದೆ ಬರುವ ಸದಸ್ಯ ಅವರೊಬ್ಬರೇ.

ಮೊನ್ನೆ ಭಾನುವಾರವೂ ಬಂದಿದ್ದರು. ಅವರೀಗ ಬೀದಿಗೆ ಹೋಗಿ ನಿಲ್ಲುವುದಿಲ್ಲ. ಬೇರು ಬಿಡಿಸುವಾಗ ಮರ ಅಲುಗದಂತೆ ಹಿಡಿದುಕೊಳ್ಳುವುದು ಅವರ ಕೆಲಸ. ರತ್ನಕ್ಕ ಅಡುಗೆಮನೆಯಲ್ಲಿದ್ದರು, ಶಿವಣ್ಣ ಅವರಿಗೆ ತೆಂಗಿನಕಾಯಿ ಒಡೆದು ಕೊಡುತ್ತಿದ್ದರು. ನನ್ನ ಹುಣಸೆಯನ್ನು ಧರಣೇಂದ್ರಯ್ಯ ಎರಡೂ ಕೈಯಲ್ಲಿ ಹಿಡಿದಿದ್ದರು. ಹಿಂದಿನ ದಿನದಿಂದ ತಲೆಯಲ್ಲಿ ಕೂತಿದ್ದು ನನ್ನ ಬಾಯಿಗೆ ಬಂದುಬಿಟ್ಟಿತು.

"ಅವತ್ತು ಇನ್ನೂ ನಾಲ್ಕು ಬೇರು ಬಿಟ್ಟಿದ್ದರೆ ನಿಮ್ಮ ಅರಳಿ ಉಳೀತಿತ್ತೇನೋ ಅಲ್ವಾ?"

ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿದರು. "ನಾನು ಬಂದಾಗಲೇ ಅದು ಹೋಗಿತ್ತು ಮೇಡಂ. ಬಟ್ಟೆ ಸರಿಸಿ, ಬುಡದ ಸಿಪ್ಪೆ ಉಗುರಲ್ಲಿ ಕೆರೆದು ನೋಡಿದೆ. ಸಿಪ್ಪೆ ಕೆಳಗೆ ಎಲ್ಲೂ ಹಸಿರೇ ಇರಲಿಲ್ಲ. ಆ ಒಂದು ಬೇರು ಬಿಳಿ ಇದ್ದಿದ್ದಕ್ಕೆ ಮರ ಏಳಲ್ಲ."

"ಗೊತ್ತಿದ್ದೂ ಮತ್ತೆ ಯಾಕೆ ಕತ್ತರಿ ಹಿಡಿದಿರಿ? ನೀವು?"

"ಹಾಗೇ ಎತ್ತಿಕೊಂಡು ಹೋಗಿದ್ದರೆ ನಿಮ್ಮ ಮೂವರ ನೀರಿಂದ ಹೋದ ಹಾಗೆ. ರತ್ನಕ್ಕ ಕತ್ತರಿಸಿದ್ದರೆ ಅವರ ಕೈಯಿಂದ ಹೋದ ಹಾಗೆ. ನನ್ನ ಮರ, ನನ್ನ ಕೈಯಿಂದಲೇ ಹೋಗಲಿ ಅನ್ನಿಸ್ತು." ಆಮೇಲೆ ದನಿ ತಗ್ಗಿಸಿ, "ಅವರಿಬ್ಬರಿಗೂ ಹೇಳೋಕೆ ಹೋಗಬೇಡಿ," ಎಂದರು.

ಹೇಳುವುದಿಲ್ಲ. ನಿಮಗೆ ಹೇಳಿದ್ದು, ಅವರಿಬ್ಬರೂ ಇಂಥದನ್ನೆಲ್ಲ ಓದುವವರಲ್ಲ ಎಂಬ ಧೈರ್ಯದಿಂದ. ಆ ಹೊತ್ತಿನಲ್ಲಿ ನನಗೆ ಅವರ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿದಿದ್ದರೆ ಹುಣಸೆ ಬಿಟ್ಟು ಓಡಿಹೋಗುತ್ತಿದ್ದರು. ಕತ್ತರಿಯನ್ನು ಇನ್ನೊಂದು ಸಲ ಬಿಸಿನೀರಿಗೆ ಅದ್ದಿದೆ.

"ಬೇರು ಒಣಗ್ತಿದೆ ಮೇಡಂ," ಎಂದರು ಧರಣೇಂದ್ರಯ್ಯ. "ಕತ್ತರಿಸಿ, ನಾನು ಹಿಡಿದುಕೊಂಡಿದ್ದೀನಿ."